ಹಬ್ಬದ ದಿನ ರಾಶಿಫಲ ಸಾಕು, ಚಂದ್ರನ ಲೆಕ್ಕ ತೋರಿಸಿ

ಸಂಪಾದಕರೇ,

ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಯಾಕೆ ಹೀಗೆ ಎಂದು ಮಕ್ಕಳು ಕೇಳುತ್ತಾರೆ. ಚಂದ್ರನ ವರ್ಷ ಸುಮಾರು 354 ದಿನದ್ದು, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಆ ಕೊರತೆ ತುಂಬಲು ನಮ್ಮ ಪಂಚಾಂಗದಲ್ಲಿ ಎರಡು-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬರುತ್ತದೆ. ಹಾಗಾಗಿ ಯುಗಾದಿ ಮಾರ್ಚ್-ಏಪ್ರಿಲ್ ಬಿಟ್ಟು ಹೋಗುವುದಿಲ್ಲ. ಹಿಜರಿ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ, ಅದಕ್ಕೇ ರಂಜಾನ್ ಮಳೆಗಾಲ, ಚಳಿಗಾಲ ಎಲ್ಲವನ್ನೂ ಸುತ್ತಿ ಬರುತ್ತದೆ.

2025ರ ಯುಗಾದಿ ಭಾನುವಾರ ಇತ್ತು, ಮರುದಿನವೇ ರಂಜಾನ್ ಹಬ್ಬ. ಕೊಪ್ಪಳದ ನಮ್ಮ ಓಣಿಯಲ್ಲಿ ನಾವು ಯುಗಾದಿ ಚಂದ್ರನನ್ನು ನೋಡಲು ಮಾಳಿಗೆ ಹತ್ತಿದರೆ, ಪಕ್ಕದ ಮನೆಯವರು ಈದ್ ಚಂದ್ರನಿಗಾಗಿ ಹತ್ತಿದ್ದರು. ಇಬ್ಬರೂ ನೋಡಿದ್ದು ಅದೇ ತೆಳ್ಳನೆ ಗೆರೆ! ಎಷ್ಟು ಚೆಂದದ ಸಂಜೆ ಅದು. ಆದರೆ ಕೆಳಗೆ ಬಹಳ ಮಕ್ಕಳು ಐಪಿಎಲ್ ಮುಂದೆ ಕೂತಿದ್ದರು. ಬೆಳಿಗ್ಗೆ ಪುಟಾಣಿ, ಬೆಲ್ಲ, ಬೇವಿನ ಹೂ ಹಾಕಿದ ಬೇವು ಕುಡಿದದ್ದೂ ಜಾಹೀರಾತಿನ ನಡುವೆಯೇ.

ಟಿವಿ ಬೇಡ ಎನ್ನುತ್ತಿಲ್ಲ. ವಾರವಿಡೀ ದುಡಿದವರಿಗೆ ಭಾನುವಾರದ ಸಿನಿಮಾ ಬೇಕೇ ಬೇಕು, ಅಲ್ವಾ? ಆದರೆ ಹಬ್ಬದ ದಿನ ಚಾನೆಲ್‌ಗಳಲ್ಲಿ ರಾಶಿಫಲ ತುಂಬಾ ಜಾಸ್ತಿ. ಅದರಲ್ಲಿ ಅರ್ಧ ಗಂಟೆಯನ್ನು ತಿಥಿ, ಅಧಿಕ ಮಾಸದ ವಿಷಯಕ್ಕೆ ಕೊಡಲಿ, ಮಕ್ಕಳಿಗೆ ತಿಳಿಯುವಂತೆ. ಸಂಜೆ ಚಂದ್ರ ಕಾಣುವ ಹೊತ್ತನ್ನು ಬಳ್ಳಾರಿ, ರಾಯಚೂರು, ಕೊಪ್ಪಳ ಎಂದು ಊರಿನ ಹೆಸರಿನೊಂದಿಗೆ ಪರದೆ ಕೆಳಗೆ ಹಾಕಲಿ.

— ಒಬ್ಬ ಓದುಗ, ಕೊಪ್ಪಳ