ಯುದ್ಧದ ಚಿತ್ರಕ್ಕೆ ‘ಸಾಂದರ್ಭಿಕ’ ಎಂಬ ಅಡಿಬರಹ ಸಾಲದು

ಮಾನ್ಯ ಸಂಪಾದಕರೇ,

ಯುದ್ಧದ ಸುದ್ದಿಯ ಜೊತೆ ಬರುವ ಚಿತ್ರದ ಕೆಳಗೆ ‘ಸಾಂದರ್ಭಿಕ ಚಿತ್ರ’ ಅಥವಾ ‘ಸಂಗ್ರಹ ಚಿತ್ರ’ ಎಂದಷ್ಟೇ ಹಾಕಿ ಮುಗಿಸುವ ರೂಢಿ ನಮ್ಮ ಪತ್ರಿಕೆಗಳಲ್ಲಿದೆ. ರಸ್ತೆ ಗುಂಡಿಯ ಸುದ್ದಿಗೆ ಅದು ನಡೆದೀತು, ಯುದ್ಧಕ್ಕೆ ನಡೆಯದು. ಯಾವ ದಿನದ್ದು, ಎಲ್ಲಿಯದು, ತೆಗೆದವರು ಯಾರು, ಒದಗಿಸಿದ್ದು ಏಜೆನ್ಸಿಯೋ ಸೇನೆಯೋ ಎಂಬುದು ತಿಳಿಯದಿದ್ದರೆ ಆ ಚಿತ್ರವನ್ನು ಎಷ್ಟು ನಂಬಬೇಕೆಂದು ತೀರ್ಮಾನಿಸಲು ಓದುಗನಿಗೆ ಆಧಾರವೇ ಇರುವುದಿಲ್ಲ.

ಚಿತ್ರದ ಶಕ್ತಿಯ ಮಾತು ಬಂದಾಗ ಎಲ್ಲರೂ ವಿಯೆಟ್ನಾಂ ಯುದ್ಧದ ಹೆಸರೆತ್ತುತ್ತಾರೆ. 1968ರ ಫೆಬ್ರುವರಿ 1ರಂದು ಸೈಗಾನ್‌ನ ಬೀದಿಯಲ್ಲಿ, ಅಮೆರಿಕದ ಬೆಂಬಲವಿದ್ದ ದಕ್ಷಿಣ ವಿಯೆಟ್ನಾಂನ ಪೊಲೀಸ್ ಮುಖ್ಯಸ್ಥ ಒಬ್ಬ ಸೆರೆಯಾಳಿನ ತಲೆಗೆ ಗುಂಡು ಹೊಡೆದ. ಎಪಿ (ಅಸೋಸಿಯೇಟೆಡ್ ಪ್ರೆಸ್) ಸುದ್ದಿಸಂಸ್ಥೆಯ ಎಡ್ಡಿ ಆಡಮ್ಸ್ ತೆಗೆದ ಆ ಚಿತ್ರದಲ್ಲಿ ಚಾಚಿದ ತೋಳು, ಮೋಟು ರಿವಾಲ್ವರ್, ಚೌಕುಳಿ ಅಂಗಿ, ನೋವಿಗೆ ಹಿಂಡಿಕೊಂಡ ಮುಖ ಇಷ್ಟೇ ಕಣ್ಣಿಗೆ ನಾಟುತ್ತವೆ. ಎರಡು ದಿನದ ಹಿಂದಷ್ಟೇ, ದಕ್ಷಿಣದ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ವಿಯೆಟ್‌ಕಾಂಗ್ ಎಂಬ ಕಮ್ಯುನಿಸ್ಟ್ ಗೆರಿಲ್ಲಾಗಳು ನಗರನಗರಗಳ ಮೇಲೆ ದಾಳಿ ಶುರುಮಾಡಿದ್ದು ಚೌಕಟ್ಟಿನೊಳಗೆ ಇಲ್ಲ. ಮರುದಿನ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಇದನ್ನು ಹಾಕಿದಾಗ, ಗೆರಿಲ್ಲಾಗಳ ಕೈಯಲ್ಲಿ ಸತ್ತ ಮಗುವನ್ನು ಎತ್ತಿಕೊಂಡ ದಕ್ಷಿಣ ವಿಯೆಟ್ನಾಂ ಅಧಿಕಾರಿಯ ಚಿತ್ರವನ್ನೂ ಜೊತೆಗಿಟ್ಟಿತು. ಮೊದಲನೆಯದು ಜಗತ್ತಿಗೆ ನೆನಪಿದೆ, ಎರಡನೆಯದು ಯಾರಿಗೂ ನೆನಪಿಲ್ಲ.

ಆದರೆ ಆ ಒಂದು ಚಿತ್ರವೇ ಅಮೆರಿಕದ ಜನಾಭಿಪ್ರಾಯ ತಿರುಗಿಸಿತು ಎನ್ನುವುದು ಸರಿಯಲ್ಲ. ‘ವಿಯೆಟ್ನಾಂಗೆ ಸೇನೆ ಕಳಿಸಿದ್ದೇ ತಪ್ಪು’ ಎಂದವರು ಗ್ಯಾಲಪ್ ಸಮೀಕ್ಷೆಯಲ್ಲಿ 1965ರ ಆಗಸ್ಟ್‌ನಲ್ಲಿ ಶೇ 24 ಇದ್ದರು. 1967ರ ಅಕ್ಟೋಬರ್‌ಗೇ, ಅಂದರೆ ಚಿತ್ರಕ್ಕೆ ಮುಂಚೆಯೇ, ಅದು ಶೇ 47ಕ್ಕೆ ಏರಿತ್ತು. ಆ ವರ್ಷದ ಕೊನೆಗೆ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ ಸುಮಾರು 20 ಸಾವಿರ. ಆಗಲೇ ಹುಟ್ಟಿದ್ದ ಅನುಮಾನಕ್ಕೆ ಚಿತ್ರ ಕಣ್ಣೆದುರಿನ ಸಾಕ್ಷಿಯಾಯಿತು.

ಅಚ್ಚಾಗದೇ ಉಳಿದ ಚಿತ್ರಗಳ ಪರಿಣಾಮವೂ ಕಡಿಮೆಯದಲ್ಲ. ಇರಾಕ್ ವಿರುದ್ಧ ನಡೆದ 1991ರ ಕೊಲ್ಲಿ ಯುದ್ಧದಲ್ಲಿ ಪತ್ರಕರ್ತರನ್ನು ಸಣ್ಣ ಗುಂಪು ಮಾಡಿ ಅಮೆರಿಕ ಸೇನೆಯ ಬೆಂಗಾವಲಲ್ಲೇ ಕರೆದೊಯ್ಯುತ್ತಿದ್ದರು. ಆ ಗುಂಪಿನವರ ವರದಿ, ಚಿತ್ರ ಸೇನೆಯ ಪರಿಶೀಲನೆ ದಾಟಿಯೇ ಹೊರಬರಬೇಕಿತ್ತು. ಟಿ.ವಿ.ಯಲ್ಲಿ ಕಂಡದ್ದು ಕರಾರುವಾಕ್ಕಾಗಿ ಗುರಿಗೆ ಬೀಳುವ ಬಾಂಬು. ವಾಸ್ತವದಲ್ಲಿ ಅಂಥ ಬಾಂಬುಗಳು ನೂರಕ್ಕೆ ಹತ್ತೂ ಇರಲಿಲ್ಲ. ಲಾರಿಯೊಳಗೆ ಕೂತಲ್ಲೇ ಸುಟ್ಟು ಕರಕಲಾದ ಇರಾಕಿ ಸೈನಿಕನ ಚಿತ್ರವನ್ನು ಅಮೆರಿಕದ ಛಾಯಾಗ್ರಾಹಕ ಕೆನ್ ಜಾರೆಕಿ ಫೆಬ್ರುವರಿ 28ರಂದು ತೆಗೆದರು. ಅದನ್ನು ತಡೆದದ್ದು ಸೇನೆಯಲ್ಲ. ನ್ಯೂಯಾರ್ಕ್‌ನ ಎಪಿ ಸಂಪಾದಕೀಯ ಡೆಸ್ಕ್‌ನವರೇ ಪತ್ರಿಕೆಗಳಿಗೆ ಹೋಗದಂತೆ ಹಿಂದಕ್ಕೆ ತೆಗೆದರು. ಲಂಡನ್ನಿನ ಅಬ್ಸರ್ವರ್ ಪತ್ರಿಕೆ ಅದನ್ನು ಅಚ್ಚು ಹಾಕಿತು. ಓದುಗರಿಗೆ ಸಂಕಟವಾದೀತೆಂಬ ಇಂಥ ಎಚ್ಚರಿಕೆ ಎಲ್ಲ ಡೆಸ್ಕ್‌ಗಳಲ್ಲೂ ಇರುತ್ತದೆ. ಅದರ ಲಾಭ ಯುದ್ಧ ನಡೆಸುವವರಿಗೆ.

2025ರ ಮೇ ತಿಂಗಳಲ್ಲಿ ‘ಅರ್ಮಾ 3’ ವಿಡಿಯೊ ಗೇಮ್‌ನ ತುಣುಕುಗಳೂ ಹಳೆಯ ದೃಶ್ಯಗಳೂ ಭಾರತ–ಪಾಕ್ ಕಾದಾಟದ್ದೆಂದು ಹರಿದಾಡಿದವು. ಇವನ್ನು ಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಮೊದಲು ಕಳಿಸಿದವರಿಂದ ಮೂಲ ಫೈಲ್ ಕೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದರಲ್ಲಿ ದಿನಾಂಕ, ಕ್ಯಾಮೆರಾ ವಿವರ ಅಳಿಸಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಬಳಿಕ ನಾಮಫಲಕವೋ ಗೋಪುರವೋ ಬೆಟ್ಟದ ಅಂಚೋ ಇರುವ ಫ್ರೇಮ್ ಆರಿಸಿ ಚಿತ್ರ ಕೊಟ್ಟು ಅದರ ಹಳೆಯ ಪ್ರತಿ ಹುಡುಕಬಹುದಾದ ಗೂಗಲ್ ಲೆನ್ಸ್, ಟಿನ್‌ಐ, ಯಾಂಡೆಕ್ಸ್ ಮೂರರಲ್ಲೂ ಹುಡುಕಬೇಕು. ಸಿಗದಿದ್ದರೆ ಎಡ–ಬಲ ತಿರುಗಿಸಿ ಮತ್ತೊಮ್ಮೆ. ಕನ್ನಡಿ ಬಿಂಬದಂತೆ ತಿರುಗಿಸಿ ಹರಿಬಿಡುವುದು ಹಳೆಯ ಚಾಳಿ. ವಿಡಿಯೊ ಆದರೆ ಸದ್ದು ಗಮನಿಸಬೇಕು. ಮೂರು ಕಿ.ಮೀ. ದೂರದ ಸ್ಫೋಟದ ಸದ್ದು ತಲುಪಲು ಸುಮಾರು 9 ಸೆಕೆಂಡ್ ಬೇಕು. ದೂರದ ಬೆಂಕಿಯುಂಡೆಯ ಜೊತೆಗೇ ‘ಢಂ’ ಎಂದರೆ ಅದು ಗೇಮ್ ಇರಬಹುದು, ಇಲ್ಲವೇ ಸದ್ದನ್ನು ಆಮೇಲೆ ಸೇರಿಸಿರಬಹುದು.

ರಾತ್ರಿ ಪುಟ ಕಟ್ಟುವ ಹೊತ್ತಿಗೆ ಇಷ್ಟಕ್ಕೆಲ್ಲ ಪುರುಸೊತ್ತಿರುವುದಿಲ್ಲ, ನಿಜ. ಹಾಗಾದ ದಿನ ಚಿತ್ರ ಬಿಟ್ಟು ನಕಾಶೆ ಹಾಕಿ. ಸೇನೆ ಕೊಟ್ಟ ಚಿತ್ರಕ್ಕೆ ‘ಸೇನೆ ಒದಗಿಸಿದ್ದು’ ಎಂದೇ ಬರೆಯಿರಿ. ಮುಖಪುಟದ ಚಿತ್ರ ತಪ್ಪೆಂದು ಗೊತ್ತಾದರೆ ತಿದ್ದುಪಡಿಯನ್ನೂ ಮುಖಪುಟದಲ್ಲೇ ಹಾಕಿ.

– ಪತ್ರಿಕಾ ಛಾಯಾಗ್ರಹಣದ ಬೋಧಕ, ಮೈಸೂರು