ತುಲೂಸಿನಿಂದ ಅಪ್ಪನಿಗೆ: 61ರ ಲೆಕ್ಕ

ತುಲೂಸ್, ಫ್ರಾನ್ಸ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಭಾಸ್ಕರಾಚಾರ್ಯರ 61ರ ಲೆಕ್ಕವನ್ನು ಯಂತ್ರ ಮುಟ್ಟದೆ ಕೈಯಲ್ಲೇ ಮಾಡಿ ನೋಡು ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದಿರಿ. ಕಳೆದ ಭಾನುವಾರ ಅದನ್ನು ಮುಗಿಸಿದೆ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ವರ್ಗವೇ ಬರಬೇಕು, ಅಷ್ಟೇ ಪ್ರಶ್ನೆ. 61ರ ಬದಲು 60 ಇದ್ದಿದ್ದರೆ 4 ಸಾಕಿತ್ತು, 31ರ ವರ್ಗ ಬರುತ್ತಿತ್ತು. 62 ಇದ್ದಿದ್ದರೆ 8 ಸಾಕಿತ್ತು, 63ರ ವರ್ಗ ಬರುತ್ತಿತ್ತು. ಇವೆರಡರ ನಡುವಿನ 61ಕ್ಕೆ ಮಾತ್ರ, ಸೊನ್ನೆಯನ್ನು ಬಿಟ್ಟರೆ, 22,61,53,980ಕ್ಕಿಂತ ಚಿಕ್ಕದು ಯಾವುದೂ ಒಗ್ಗುವುದಿಲ್ಲ. ಆಗ ದೊರೆಯುವುದು 1,76,63,19,049ರ ವರ್ಗ.

ಒಂದೊಂದೇ ಸಂಖ್ಯೆಯನ್ನು ಹಾಕಿ ನೋಡುತ್ತ ಹೋದರೆ ಒಂದು ಆಯುಷ್ಯ ಸಾಲದು. ಒಂದು ಜೋಡಿ ಸಂಖ್ಯೆಗಳಿಂದ ಮುಂದಿನ ಜೋಡಿಯನ್ನು ಸುತ್ತುಸುತ್ತಾಗಿ ಪಡೆಯುವ ಚಕ್ರವಾಳ ವಿಧಾನದ ದಾರಿ ಎಷ್ಟು ಚಿಕ್ಕದೆಂಬುದು ಬರೆಯುತ್ತ ಹೋದಾಗಲೇ ನನಗೆ ಅರ್ಥವಾಯಿತು. 8ರ ವರ್ಗ 64, ಅದು 61ಕ್ಕಿಂತ 3 ಹೆಚ್ಚು. ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ 39 ಮತ್ತು 5 ಬರುತ್ತವೆ: 39ರ ವರ್ಗ 1521, 5ರ ವರ್ಗವನ್ನು 61ರಿಂದ ಗುಣಿಸಿದರೆ 1525, ವ್ಯತ್ಯಾಸ 4. ವ್ಯತ್ಯಾಸ 4 ಆದಲ್ಲಿ ಮುಂದೇನು ಮಾಡಬೇಕೆಂಬುದನ್ನು ಬ್ರಹ್ಮಗುಪ್ತರು ಮೊದಲೇ ಹೇಳಿಟ್ಟಿದ್ದಾರೆ. ಇಂಥ ಜೋಡಿಗಳನ್ನು ಒಂದರೊಡನೊಂದು ಬೆರೆಸಿ ಹೊಸ ಜೋಡಿ ಪಡೆಯುವ ಅವರ ಭಾವನಾ ಕ್ರಮ ನಮ್ಮನ್ನು 29718 ಮತ್ತು 3805ಕ್ಕೆ ತಂದು ನಿಲ್ಲಿಸುತ್ತದೆ. 29718ರ ವರ್ಗ 88,31,59,524. 3805ರ ವರ್ಗವನ್ನು 61ರಿಂದ ಗುಣಿಸಿದರೆ 88,31,59,525. ಕೊನೆಯ ಅಂಕಿಯಲ್ಲಿ ಮಾತ್ರ ಒಂದು ವ್ಯತ್ಯಾಸವಿರುವ ಆ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡುತ್ತ ಕುಳಿತೆ, ಅಪ್ಪ. ಮೊದಲನೆಯದನ್ನು ಇಮ್ಮಡಿಸಿ 1 ಕೂಡಿಸಿದರೆ ನಮ್ಮ ದೊಡ್ಡ ಸಂಖ್ಯೆಯೇ ಕೈಗೆ ಬರುತ್ತದೆ. ನೀವು ಕಲಿಸಿದ ಒಂಬತ್ತರ ತಾಳೆಯನ್ನೂ ನೋಡಿದೆ: ದೊಡ್ಡದರ ಅಂಕಿಗಳ ಮೊತ್ತ 46, 9ರಿಂದ ಭಾಗಿಸಿದರೆ ಉಳಿಕೆ 1, ಚಿಕ್ಕದರ ಮೊತ್ತ 36, ಉಳಿಕೆ ಸೊನ್ನೆ; ಸೊನ್ನೆಯನ್ನು 61ರಿಂದ ಗುಣಿಸಿ 1 ಕೂಡಿಸಿದರೂ 1, 1ರ ವರ್ಗವೂ 1. ತಾಳೆಯಾಯಿತು.

ಇದನ್ನು ಈ ಊರಿನಿಂದ ಬರೆಯುತ್ತಿರುವುದಕ್ಕೆ ನನಗೆ ವಿಶೇಷ ಸಂತೋಷವಿದೆ. ಇಲ್ಲಿಯ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ಫರ್ಮಾ ಅವರು 1657ರಲ್ಲಿ ಇತರ ಗಣಿತಜ್ಞರಿಗೆ ಸವಾಲೆಸೆದಾಗ ಇದೇ 61ನ್ನು ಹೆಸರಿಸಿದ್ದರು. ಭಾಸ್ಕರಾಚಾರ್ಯರು 1150ರಲ್ಲೇ ಅದನ್ನು ಬಿಡಿಸಿದ್ದರು. ಅವರ ‘ಬೀಜಗಣಿತ’ ಗ್ರಂಥವನ್ನು ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸರು ಇಂಗ್ಲಿಷಿಗೆ ತಂದದ್ದು 1817ರಲ್ಲಿ, ಅಂದರೆ ಫರ್ಮಾ ಅವರ ಸವಾಲಿನ ಬಹಳ ಕಾಲದ ನಂತರ. ಐನೂರು ವರ್ಷಗಳ ಅಂತರದಲ್ಲಿ ಇಬ್ಬರೂ ಅದೇ ಸಂಖ್ಯೆಯನ್ನು ಆರಿಸಿಕೊಂಡದ್ದು ಬರಿಯ ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ನೂರರೊಳಗಿನ ಸಂಖ್ಯೆಗಳಲ್ಲಿ ಇಷ್ಟು ದೊಡ್ಡ ಉತ್ತರವನ್ನು ಬೇಡುವುದು 61 ಒಂದೇ. ತಮ್ಮ ವಿಧಾನದ ಮೇಲೆ ಭರವಸೆಯಿದ್ದವರು ಮಾತ್ರ ಅದನ್ನು ಮುಟ್ಟುತ್ತಾರೆ.

ಫರ್ಮಾ ಅವರು 109ನ್ನೂ ಕೇಳಿದ್ದರು. ಅದರ ದೊಡ್ಡ ಸಂಖ್ಯೆಗೆ ಹದಿನೈದು ಅಂಕಿಗಳು. ನಾನು ಆರಂಭಿಸಿದ್ದೇನೆ; ನೀವೂ ಅಲ್ಲಿ ಮಾಡಿಡಿ, ನಿಮ್ಮ ಹಾಳೆಯನ್ನು ಮುಂದಿನ ಪತ್ರದ ಜೊತೆ ಕಳುಹಿಸಿದರೆ ಸಾಲುಸಾಲಾಗಿ ತಾಳೆ ನೋಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು