ಬಳ್ಳಾರಿಯ ಸಂಜೆಗಳ ಕುರಿತು ಮಗಳಿಗೊಂದು ಪತ್ರ

ಕೊಪ್ಪಳ

ಚಿ. ಸೌ. ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು. ಇಲ್ಲಿ ನಾನು, ನಿನ್ನ ಅಪ್ಪ ಕ್ಷೇಮವಾಗಿದ್ದೇವೆ. ಅಲ್ಲಿ ನೀನು, ಅಳಿಯಂದಿರು, ನಿಮ್ಮ ಅತ್ತೆಯವರು, ಮಕ್ಕಳು ಎಲ್ಲರೂ ಕ್ಷೇಮವೆಂದು ಭಾವಿಸಿದ್ದೇನೆ.

ಕಳೆದ ವಾರ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಲ್ಲಿಯೇ ಉಳಿದಿದೆ. ಬೆಂಗಳೂರಿನಿಂದ ಬಳ್ಳಾರಿಗೆ ಬಂದ ಮೇಲೆ ಮನೆ ಸಿಕ್ಕಿತು, ಮಕ್ಕಳಿಗೆ ಶಾಲೆ ಸಿಕ್ಕಿತು, ನಲ್ಲಿಯಲ್ಲಿ ನೀರು ಬರುವ ದಿನವೂ ತಿಳಿಯಿತು. ಆದರೆ ಶನಿವಾರ ಸಂಜೆ ಮನೆಮಂದಿಯೆಲ್ಲ ಸೇರಿ ಎಲ್ಲಿಗೆ ಹೋಗಬೇಕೆಂಬುದೇ ತೋಚದೆ ದೊಡ್ಡವಳು ಮೊಬೈಲು ಹಿಡಿದು ಕೋಣೆ ಸೇರುತ್ತಾಳೆ, ಚಿಕ್ಕವನು ಟಿವಿಯ ಮುಂದೆ ಕೂರುತ್ತಾನೆ, ಅಳಿಯಂದಿರು ಈ ಊರಿಗೆ ರಾತ್ರಿಯೇ ಇಲ್ಲವೆಂದು ಬೇಸರಪಡುತ್ತಾರೆ ಎಂದೆ. ಫೋನಿನಲ್ಲಿಯೇ ಉತ್ತರ ಹೇಳಹೊರಟರೆ ನೀನು ನಡುನಡುವೆ ಬಾಯಿ ಹಾಕುತ್ತೀ. ಅದಕ್ಕಾಗಿ ಕಾಗದ ಬರೆಯುತ್ತಿದ್ದೇನೆ. ನೀನು ಹುಟ್ಟುವ ಮೊದಲು ನಾನು ಆ ಊರಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು, ಅಲ್ಲಿಗೆ ಹೋಗಿಬರುವುದನ್ನು ಇಂದಿಗೂ ಬಿಟ್ಟಿಲ್ಲ. ಆದ್ದರಿಂದ ನನ್ನ ಮಾತಿಗೆ ಸ್ವಲ್ಪ ಬೆಲೆ ಕೊಡು.

ಬೆಂಗಳೂರಿನಲ್ಲಿ ಇದ್ದವರು ಮೊದಲು ಕೇಳುವುದು ಎಲ್ಲಿಗೆ ಹೋಗೋಣ ಎಂದು. ವಾರದ ಏಳೂ ದಿನ ದೀಪ ಹಚ್ಚಿಕೊಂಡು ಕಾಯುವ ಕಟ್ಟಡಗಳು ಅಲ್ಲಿ ಇವೆ; ನಿನಗೆ ಬಿಡುವಾದಾಗ ನೀನು ಹೋದರೆ ಸಾಕು. ಬಳ್ಳಾರಿಯಲ್ಲಿ ಯಾವಾಗ ಹೋಗೋಣ ಎಂದು ಕೇಳಬೇಕು. ಮಾರ್ಚಿನಿಂದ ಮೇ ತನಕ 40 ಡಿಗ್ರಿಯ ಆಸುಪಾಸಿನ ಬಿಸಿಲಿನಲ್ಲಿ ಬೇಯುವ ಊರು ಹಗಲಿನಲ್ಲಿ ಕದ ಹಾಕಿಕೊಂಡು, ಹೊತ್ತು ಇಳಿದ ಮೇಲೆ ಹೊರಗೆ ಬರುತ್ತದೆ. ಸುಗ್ಗಿ ಮುಗಿದ ಮೇಲೆ ಆಟಗಳು, ಹುಣ್ಣಿಮೆ ಅಮಾವಾಸ್ಯೆ ನೋಡಿಕೊಂಡು ಜಾತ್ರೆಗಳು, ಅಣೆಕಟ್ಟು ತುಂಬಿದಾಗ ನೀರು ನೋಡುವ ಸಂಭ್ರಮ. ಈ ಲೆಕ್ಕ ಕೈಗೆ ಸಿಕ್ಕರೆ ನಿಮಗೆ ಶನಿವಾರಗಳು ಸಾಲದಾಗುತ್ತವೆ.

ಮೊದಲು ನಾಟಕದ ವಿಷಯ ಹೇಳುತ್ತೇನೆ, ಏಕೆಂದರೆ ಬಳ್ಳಾರಿಗೆ ಬಂದು ನಾಟಕ ನೋಡದಿರುವುದು ನನ್ನ ದೃಷ್ಟಿಯಲ್ಲಿ ಕ್ಷಮೆಯಿಲ್ಲದ ಸೋಮಾರಿತನ. ಅಲ್ಲಿಯ ರಾಘವ ಕಲಾಮಂದಿರದ ಹೆಸರು ನೀನು ಕೇಳಿರಬಹುದು. ಅದು ಬಳ್ಳಾರಿ ರಾಘವರ (1880-1946) ನೆನಪಿನದು. ವಕೀಲಿ ವೃತ್ತಿಯವರಾಗಿದ್ದ ಅವರು ತೆಲುಗು, ಕನ್ನಡ, ಇಂಗ್ಲಿಷ್ ನಾಟಕಗಳಲ್ಲಿ ಅಭಿನಯಿಸಿ ಹೆಸರು ಮಾಡಿದರು. ಗಂಡಸರು ಸೀರೆ ಉಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿಯೇ ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕೆಂದು ಹಟ ಹಿಡಿದವರು. ನಟ, ನಾಟಕಕಾರ ಜೋಳದರಾಶಿ ದೊಡ್ಡನಗೌಡರ ಹೆಸರಿನಲ್ಲಿಯೂ ಊರಲ್ಲಿ ಒಂದು ರಂಗಮಂದಿರವಿದೆ. ರಂಗಗೀತೆಗೆ ಹೆಸರಾಗಿದ್ದ ಸುಭದ್ರಮ್ಮ ಮನ್ಸೂರರೂ, ತೊಗಲುಗೊಂಬೆಯಾಟವನ್ನು ಹೊರನಾಡುಗಳಿಗೂ ಮುಟ್ಟಿಸಿದ ಬೆಳಗಲ್ಲು ವೀರಣ್ಣನವರೂ ಇದೇ ಊರಿನವರೆಂದು ಜನ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈ ಕಾರ್ಯಕ್ರಮಗಳ ಸುದ್ದಿಯೆಲ್ಲ ಮೊಬೈಲಿನಲ್ಲಿ ಸಿಗುತ್ತದೆಂದು ಕಾಯಬೇಡ. ದಿನಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಎರಡು ಸಾಲು ಇರುತ್ತದೆ; ರಾಯಲ್ ಸರ್ಕಲ್ಲಿನ ಸುತ್ತಮುತ್ತ ಗೋಡೆಗೆ ಅಂಟಿಸಿದ ಹಾಳೆ ಇರುತ್ತದೆ. ತೊಗಲುಗೊಂಬೆಯಾಟ ಎಲ್ಲಿಯಾದರೂ ಇದೆಯೆಂದು ತಿಳಿದರೆ ಚಿಕ್ಕವನನ್ನು ಪರದೆಯ ಮುಂದೆ ಕೂರಿಸಿ, ಆಟ ಮುಗಿದ ಮೇಲೆ ಕಲಾವಿದರ ಅನುಮತಿ ಕೇಳಿ ಪರದೆಯ ಹಿಂದಕ್ಕೂ ಕರೆದುಕೊಂಡು ಹೋಗು. ಬಣ್ಣ ಹಾಕಿದ ತೊಗಲಿನ ಹಿಂದೆ ದೀಪ ಬಂದೊಡನೆ ಗೊಂಬೆಗೆ ಜೀವ ಬರುವ ಬಗೆಯನ್ನು ಅವನು ಕಣ್ಣಾರೆ ನೋಡಲಿ.

ಅಳಿಯಂದಿರು ರಾತ್ರಿಯೇ ಇಲ್ಲವೆಂದರಲ್ಲ, ಅವರನ್ನು ಒಮ್ಮೆ ಬಯಲಾಟಕ್ಕೆ ಕರೆದೊಯ್ಯಬೇಕು. ಸುಗ್ಗಿ ಮುಗಿದು ರೈತರ ಕೈಗೆ ಬಿಡುವು ಬಂದ ಮೇಲೆ, ಹಳ್ಳಿಯ ಜಾತ್ರೆಯ ಹೊತ್ತಿಗೆ, ಬಳ್ಳಾರಿ ಸುತ್ತಲಿನ ಊರುಗಳಲ್ಲಿ ಅಟ್ಟ ಕಟ್ಟುತ್ತಾರೆ. ತಿಂಗಳುಗಟ್ಟಲೆ ಮಾಸ್ತರರ ಮುಂದೆ ತಾಲೀಮು ಮಾಡಿದ ಒಕ್ಕಲಿಗರು, ಅಂಗಡಿಯವರು, ಟ್ರ್ಯಾಕ್ಟರು ಹೊಡೆಯುವ ಹುಡುಗರು ಅಂದು ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ದುರ್ಯೋಧನನೂ ಭೀಮನೂ ಆಗುತ್ತಾರೆ. ಪಾತ್ರಧಾರಿಗಳ ಹೆಸರುಗಳನ್ನೆಲ್ಲ ಅಚ್ಚು ಹಾಕಿಸಿದ ಕರಪತ್ರ ಸುತ್ತಣ ಊರುಗಳಿಗೆ ಮೊದಲೇ ಹೋಗಿರುತ್ತದೆ. ನಿನ್ನ ಮನೆಗೆ ಹಾಲು ಹಾಕುವವರನ್ನೋ ಹೂವು ಮಾರುವ ಅಕ್ಕನನ್ನೋ ಕೇಳಿದರೆ ಅವರ ಊರಿನದು ಯಾವಾಗ ಎಂದು ತಪ್ಪದೆ ಹೇಳುತ್ತಾರೆ, ಹೇಳಿದರೆಂದರೆ ಬನ್ನಿರೆಂದು ಕರೆದಂತೆಯೇ. ರಾತ್ರಿ ಹತ್ತರ ಮೇಲೆ ಆರಂಭವಾದ ಆಟ ಮೂಡಲು ಕೆಂಪಾಗುವವರೆಗೂ ನಡೆಯುತ್ತದೆ. ಒಬ್ಬ ಪಾತ್ರಧಾರಿ ಚೆನ್ನಾಗಿ ಹಾಡಿದನೆಂದರೆ ಅವನ ಬೀಗರು ಎದ್ದು ಬಂದು ಆಯೇರಿ, ಅಂದರೆ ಉಡುಗೊರೆ, ಮಾಡುತ್ತಾರೆ, ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುವವರೆಗೆ ಯುದ್ಧಕ್ಕೆ ಹೊರಟ ಅರ್ಜುನನೂ ನಿಂತು ಕಾಯಬೇಕು. ನಗರದ ಪ್ರೇಕ್ಷಕರಿಗೆ ಇದು ಅಡ್ಡಿಯೆನಿಸಬಹುದು. ನನಗಂತೂ ಅದೇ ಆಟದ ಅರ್ಧ ಸೊಗಸು. ನೆಲಕ್ಕೆ ಹಾಸಲು ಒಂದು ಜಮಖಾನೆ, ಮಕ್ಕಳಿಗೆ ಹೊದಿಕೆ, ಕುಡಿಯಲು ನೀರು ಒಯ್ಯಿರಿ. ಮಕ್ಕಳು ನಡುರಾತ್ರಿಗೆ ಮಲಗಿಬಿಡುತ್ತಾರೆ. ಮಲಗಲಿ, ಮದ್ದಳೆಯ ಸದ್ದಿಗೆ ಒಮ್ಮೊಮ್ಮೆ ಎದ್ದು ನೋಡಿದ್ದಷ್ಟು ಸಾಕು. ನಿಮ್ಮ ಅತ್ತೆಯವರಿಗೆ ಮಾತ್ರ ಕುರ್ಚಿಯೊಂದನ್ನು ಕೇಳಿ ಹಾಕಿಸು, ಆ ಊರಿನವರು ಇಲ್ಲವೆನ್ನುವುದಿಲ್ಲ.

ಸಿನಿಮಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡದಷ್ಟೇ ತೆಲುಗು ಚಿತ್ರಗಳು ಅಲ್ಲಿ ನಡೆಯುತ್ತವೆಂದು ದೊಡ್ಡವಳು ಆಶ್ಚರ್ಯಪಟ್ಟಳಂತೆ. ಹಳೆಯ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಿತು. ಗಡಿ ಬಂದರೂ ಮನೆಗಳ ಒಳಗೆ ಮಾತು ಎರಡೂ ಉಳಿದವು ಎಂದು ಅವಳಿಗೆ ಹೇಳು. ಹೊಸ ಚಿತ್ರ ಬಿಡುಗಡೆಯಾದ ಮೊದಲ ದಿನ ಮಕ್ಕಳೊಂದಿಗೆ ಹೋಗಬೇಡಿ, ಶಿಳ್ಳೆಯ ನಡುವೆ ಮಾತೇ ಕೇಳಿಸುವುದಿಲ್ಲ.

ಇನ್ನು ತಿನ್ನುವುದು. ಕುಟುಂಬ ಸಮೇತ ಹೊರಗೆ ಊಟವೆಂದರೆ ಹವಾನಿಯಂತ್ರಿತ ಹೋಟೆಲೇ ಆಗಬೇಕೆಂದು ಪಟ್ಟು ಹಿಡಿಯಬೇಡ. ಫ್ಯಾಮಿಲಿ ರೂಮ್ ಎಂದು ಬೋರ್ಡು ಹಾಕಿ, ಪ್ಲೈವುಡ್ಡಿನ ಗೂಡಿನೊಳಗೆ ಕೂರಿಸಿ ಪರದೆ ಎಳೆಯುವ ಜಾಗಗಳು ನನಗೆ ಎಂದೂ ಹಿಡಿಸಿಲ್ಲ; ನಾಲ್ಕು ಜನರನ್ನು ನೋಡಲು ಹೊರಗೆ ಬಂದವರು ಗೂಡಿನೊಳಗೆ ಏಕೆ ಕೂರಬೇಕು? ಸಂಜೆ ಬಂಡಿಯ ಮುಂದೆ ನಿಂತು, ಒಗ್ಗರಣೆ ಹಾಕಿದ ಮಂಡಕ್ಕಿಯ ಜೊತೆಗೆ ಆಗತಾನೆ ಬಾಣಲೆಯಿಂದ ತೆಗೆದ ಮಿರ್ಚಿ ತಿನ್ನಿರಿ. ಒಗ್ಗಾಣಿ-ಮಿರ್ಚಿ ಎಂದು ಕೇಳಿದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಒಂದೇ ರೀತಿ ತಟ್ಟೆ ಬರುತ್ತದೆ. ಚಿಕ್ಕವನಿಗೆ ಖಾರವಾದರೆ ಮಿರ್ಚಿಯ ಮೇಲಿನ ಹಿಟ್ಟನ್ನಷ್ಟೇ ಕೊಡು, ಮೆಣಸಿನಕಾಯಿ ಅಳಿಯಂದಿರಿಗೆ ಇರಲಿ. ರಂಜಾನ್ ತಿಂಗಳಲ್ಲಿ ಒಂದು ರಾತ್ರಿ ಕೌಲ್ ಬಜಾರಿನ ಕಡೆಗೆ ಹೋಗಿಬನ್ನಿ. ಅಂಗಡಿಗಳು ಬಹಳ ಹೊತ್ತಿನವರೆಗೆ ತೆರೆದಿರುತ್ತವೆ, ಹೊಸ ಬಟ್ಟೆ, ಬಳೆ, ಖರ್ಜೂರದ ರಾಶಿಗಳ ನಡುವೆ ನಡೆದಾಡುವುದೇ ಒಂದು ಖುಷಿ. ಬಳ್ಳಾರಿಯ ಜೀನ್ಸ್ ಎಂದು ದೂರದೂರಿಗೆ ಹೋಗುವ ಪ್ಯಾಂಟುಗಳನ್ನು ಹೊಲಿಯುವ ಮನೆಗಳೂ ಆ ಭಾಗದಲ್ಲಿಯೇ ಇವೆ. ದೊಡ್ಡವಳಿಗೆ ಬಟ್ಟೆಯ ಹುಚ್ಚಲ್ಲವೇ, ತೋರಿಸು.

ಕೋಟೆಯನ್ನು ಮಾತ್ರ ಸಂಜೆಗೆ ಇಟ್ಟುಕೊಳ್ಳಬೇಡಿ. ಇಡೀ ಗುಡ್ಡವೇ ಬಂಡೆ. ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ನಿಮ್ಮ ಪಾದಕ್ಕೆ ಹಿಂತಿರುಗಿಸುತ್ತದೆ. ಚಳಿಗಾಲದ ಭಾನುವಾರ ಬೆಳಗ್ಗೆ ಹತ್ತಿರಿ. ಮೇಲಿನ ಕೋಟೆ ಪಾಳೆಯಗಾರ ಹನುಮಪ್ಪನಾಯಕನದು, ಕೆಳಗಿನದನ್ನು ಕಟ್ಟಿಸಿದವನು ಹೈದರಾಲಿ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆಯೆಂಬುದನ್ನು ಗಮನಿಸದೆ ಕಟ್ಟಿದ್ದಕ್ಕಾಗಿ ಫ್ರೆಂಚ್ ಎಂಜಿನಿಯರನನ್ನು ಹೈದರ್ ಗಲ್ಲಿಗೇರಿಸಿದನೆಂದು ಊರಿನಲ್ಲಿ ಕಥೆಯಿದೆ. ಮೇಲೆ ನಿಂತು ಎರಡೂ ಗುಡ್ಡಗಳನ್ನು ನೋಡಿ ಅದು ನಂಬುವಂಥದ್ದೋ ಅಲ್ಲವೋ ಎಂದು ಮಕ್ಕಳೇ ತೀರ್ಮಾನಿಸಲಿ. ಹಾಗೆಯೇ ಇನ್ನೊಂದು ಬೆಳಗ್ಗೆ ಸಂಗನಕಲ್ಲು, ಕಪ್ಪಗಲ್ಲಿನ ಕಡೆಗೆ ಹೋಗಿ, ದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನವಶಿಲಾಯುಗದ ಜನ ಬದುಕಿದ್ದ ಆ ಗುಡ್ಡದಲ್ಲಿ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಕೊಡುವ ಕರಿಯ ಬಂಡೆಗಳಿವೆ. ಅವುಗಳ ಮೇಲೆ ಗುಳಿ ಬಿದ್ದಿರುವುದು ಸಾವಿರಾರು ವರ್ಷಗಳ ಹಿಂದಿನವರು ತಟ್ಟಿ ತಟ್ಟಿಯೇ. ಗೀರಿದ ಚಿತ್ರಗಳನ್ನು ಮಕ್ಕಳು ಮುಟ್ಟದಂತೆ ನೋಡಿಕೋ.

ಸಂಜೆಯ ಹೊತ್ತಿಗೇ ಹೋಗಬೇಕಾದದ್ದೆಂದರೆ ದರೋಜಿ ಕರಡಿಧಾಮ. 1994ರಲ್ಲಿ ಮಾಡಿದ್ದು, ಕಮಲಾಪುರದ ಸಮೀಪದಲ್ಲಿದೆ. ಬೆಲ್ಲ, ಜೇನು ಬೆರೆಸಿ ಬಂಡೆಗಳಿಗೆ ಸವರಿರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಗವಿಯಿಂದ ಹೊರಬಂದು ನೆಕ್ಕುವುದನ್ನು ಎದುರಿನ ವೀಕ್ಷಣಾ ಗೋಪುರದಿಂದ ನೋಡಬಹುದು. ಒಮ್ಮೊಮ್ಮೆ ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿ ಬರುತ್ತದೆ. ಗೋಪುರದಲ್ಲಿ ಗದ್ದಲ ಮಾಡಬಾರದು, ಇದನ್ನು ಚಿಕ್ಕವನಿಗೆ ಕಾರಿನಲ್ಲಿಯೇ ಹೇಳಿ ಒಪ್ಪಿಸು. ಅದೇ ಕಮಲಾಪುರದಲ್ಲಿ ಹುಲಿ, ಸಿಂಹ ಸಫಾರಿಯ ಅಟಲ್ ಬಿಹಾರಿ ವಾಜಪೇಯಿ ಉದ್ಯಾನವೂ ಇದೆ, ಆದರೆ ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಮಕ್ಕಳಿಗೆ ದಣಿವಷ್ಟೇ ಉಳಿಯುತ್ತದೆ.

ಮಳೆಗಾಲದಲ್ಲಿ ತುಂಗಭದ್ರೆ ತುಂಬಿದ ಸುದ್ದಿ ಬಂದೊಡನೆ ಹೊಸಪೇಟೆಗೆ ಹೊರಡಿ. 33 ಗೇಟುಗಳ ಆ ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಿ ಸುತ್ತಣ ಜಿಲ್ಲೆಗಳ ಜನವೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಕತ್ತಲಾದ ಮೇಲೆ ಉದ್ಯಾನದ ಸಂಗೀತ ಕಾರಂಜಿ ನೋಡಿಕೊಂಡೇ ಮರಳುತ್ತಾರೆ. ಮರಳುವ ದಾರಿಯ ಬಗ್ಗೆ ಒಂದು ಮಾತು: ಅದಿರು ಹೊತ್ತ ಲಾರಿಗಳು ತೋರಣಗಲ್ಲು, ಸಂಡೂರು ಭಾಗದ ರಸ್ತೆಗಳಲ್ಲಿ ಹಗಲಿರುಳೂ ಓಡುತ್ತವೆ. ರಾತ್ರಿ ಅವುಗಳ ನಡುವೆ ಅಳಿಯಂದಿರು ಕಾರು ಓಡಿಸುವುದು ನನಗೆ ಇಷ್ಟವಿಲ್ಲ. ರೈಲಿನಲ್ಲಿ ಹೋಗಿ, ಇಲ್ಲವೇ ಅಂದು ಹೊಸಪೇಟೆಯಲ್ಲಿಯೇ ಉಳಿದು ಬೆಳಗ್ಗೆ ಬನ್ನಿ.

ಹಂಪಿ ಉತ್ಸವಕ್ಕೂ ಇದೇ ಮಾತು. ಮೊದಲು ನವೆಂಬರಿನಲ್ಲಿ ಆಗುತ್ತಿದ್ದುದು ಈಗೀಗ ಹೊಸ ವರ್ಷಕ್ಕೆ ಸರಿದಿದೆ. 2024ರಲ್ಲಿ ಫೆಬ್ರುವರಿ 2ಕ್ಕೆ, 2025ರಲ್ಲಿ ಫೆಬ್ರುವರಿ 28ಕ್ಕೆ ಆರಂಭವಾಯಿತು. ಸಿನಿಮಾ ಗಾಯಕರ ದೊಡ್ಡ ವೇದಿಕೆಯ ಮುಂದೆ ತಳ್ಳಾಟ ಹೆಚ್ಚು, ಮಕ್ಕಳೊಂದಿಗೆ ಹೋದವರು ಜನಪದ ಕಲಾವಿದರ ಸಣ್ಣ ವೇದಿಕೆಗಳ ಕಡೆಗೆ ನಡೆಯುವುದೇ ಲೇಸು. ಊರೊಳಗೆ ನೋಡುವುದಾದರೆ, ಫೆಬ್ರುವರಿ-ಮಾರ್ಚ್ ಹೊತ್ತಿಗೆ ಒಂದು ಮಂಗಳವಾರ ಕನಕ ದುರ್ಗಮ್ಮನ ಸಿಡಿಬಂಡಿ ಇರುತ್ತದೆ. ಎತ್ತು ಕಟ್ಟಿದ ಬಂಡಿ ಗುಡಿಯನ್ನು ಸುತ್ತುವುದನ್ನು ನೋಡಲು ಇಡೀ ಬಳ್ಳಾರಿ ಅಲ್ಲಿರುತ್ತದೆ. ಪಕ್ಕದ ಮನೆಯವರ ಜೊತೆಗೂಡಿ ಹೋಗು, ಎಲ್ಲಿ ನಿಂತರೆ ಕಾಣುತ್ತದೆಂಬುದು ಅವರಿಗೆ ಗೊತ್ತು.

ಇವೆಲ್ಲಕ್ಕೂ ಮೊದಲು ಪುಷ್ಯ ಬಹುಳ ಬಿದಿಗೆಗೆ ನಮ್ಮ ಗವಿಸಿದ್ಧೇಶ್ವರರ ಜಾತ್ರೆ ಬರುತ್ತದೆ. ಹಳ್ಳಿಹಳ್ಳಿಗಳಿಂದ ಹೆಣ್ಣುಮಕ್ಕಳು ಬಡಿದ ಜೋಳದ ರೊಟ್ಟಿ ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಬಾಜಾಬಜಂತ್ರಿಯೊಂದಿಗೆ ಮಠಕ್ಕೆ ಬರುವುದನ್ನು ದೊಡ್ಡವಳು ಇನ್ನೂ ನೋಡಿಲ್ಲ. ದಾಸೋಹದಲ್ಲಿ ಒಂದು ದಿನ ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ, ರಾತ್ರಿ ಕೈಲಾಸ ಮಂಟಪದಲ್ಲಿ ಹಾಡು, ಮಾತು, ಹಾಸ್ಯ ಬಹಳ ಹೊತ್ತು ನಡೆಯುತ್ತವೆ. ರಥ ಎಳೆಯುವ ದಿನದ ನೂಕುನುಗ್ಗಲು ನಿಮ್ಮ ಅತ್ತೆಯವರ ಮೊಣಕಾಲಿಗೆ ಆಗದು. ಆದ್ದರಿಂದ ಅದರ ಮರುದಿನ ಬಂದು ಎರಡು ರಾತ್ರಿ ಇರುವಂತೆ ಬನ್ನಿ. ಹಾಸಿಗೆ ಸಾಕಷ್ಟಿವೆ, ಹೊದೆಯಲು ಮಾತ್ರ ಎರಡು ರಗ್ಗು ಹೆಚ್ಚಿಗೆ ತರಬೇಕು. ಅಳಿಯಂದಿರಿಗೆ ರಜೆ ಯಾವ ದಿನ ಸಿಗುತ್ತದೆಂದು ಕೇಳಿ ಬೇಗ ತಿಳಿಸು, ನಿನ್ನ ಅಪ್ಪ ಸ್ಟೇಷನ್ನಿಗೆ ಬರುತ್ತಾರೆ.

ಇತಿ,
ನಿನ್ನ ಅವ್ವ